ಸಾಹೇಬರ ಬದಲಿಗೆ ಜಂಬಣ್ಣ

ಚಿಕಿತ್ಸೆಯಲ್ಲಿ ತಪ್ಪಾಗದಂತೆ ಡಾಕ್ಟರುಗಳಿಗೆ ಬಳ್ಳಾರಿಯಲ್ಲಿ ಕಡ್ಡಾಯ ತರಬೇತಿ ಇತ್ತು. "ನನಗೇನು ಕಲಿಸ್ತಾರೆ ಅವರು? ನನ್ನ ಕೋಟು ಹಾಕ್ಕೊಂಡು ನೀನೇ ಕೂತು ಬಾ. ಇಲ್ಲಾಂದ್ರೆ ಬೇರೆ ಕೆಲಸ ನೋಡ್ಕೋ" ಎಂದು ಡಾಕ್ಟರ್ ಪಂಪನಗೌಡರು ಡ್ರೈವರ್ ಜಂಬಣ್ಣನಿಗೆ ಹೇಳಿದರು.

ಜಂಬಣ್ಣ ಹೋಗಿ ಕೂತ. "ತಪ್ಪುಗಳ ಮೂಲ ಯಾವುದು, ಪಂಪನಗೌಡರೇ?" ಎಂದು ಉಪನ್ಯಾಸಕರು ಅವನನ್ನೇ ಕೇಳಬೇಕೆ? ಜಂಬಣ್ಣ ಎದ್ದು ಕೋಟು ಸರಿಮಾಡಿಕೊಂಡ.

"ತಾನು ಮಾಡಬೇಕಾದ್ದನ್ನ ಇನ್ನೊಬ್ಬನ ಕೈಲಿ ಮಾಡಿಸೋದು" ಎಂದ. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಸಂಜೆ ಸಾಹೇಬರು ವಿಚಾರಿಸಿದರು. "ಯಾರಿಗೂ ಗೊತ್ತಾಗಲಿಲ್ಲ ತಾನೆ?"

"ಇಲ್ಲ ಸಾಹೇಬ್ರೆ. ನಿಮ್ಮ ಮಾತು ಎಲ್ಲರಿಗೂ ಹಿಡಿಸ್ತು. ಮುಂದಿನ ವಾರ ಅದರ ಮೇಲೆ ನೀವು ಒಂದು ತಾಸು ಭಾಷಣ ಮಾಡಬೇಕಂತೆ."

ಪಂಪನಗೌಡರ ಮುಖ ಇಳಿಯಿತು. "ಅದಕ್ಕೂ ನೀನೇ ಹೋಗು."

"ಹೋಗ್ತಿದ್ದೆ ಸಾಹೇಬ್ರೆ. ಆದ್ರೆ ನಿಮ್ಮ ಫೋಟೋ ಹಾಕಿ ಬ್ಯಾನರ್ ಕಟ್ತಾರಂತೆ. ಫೋಟೋ ನಾನೇ ಕೊಟ್ಟು ಬಂದೀನಿ."