ಒಂದು ಜೊತೆ ಮಂಡಿ

ಗೊಂಬೆ ಸಂಗ್ರಹಿಸುವ ಸುಗಂಧಮ್ಮನವರ ಕಪಾಟಿನಲ್ಲಿ ಎರಡು ಸೈನಿಕ ಗೊಂಬೆಗಳಿದ್ದವು. ಒಂದು ಇಡಿಯಾಗಿ ಎರಕ ಹೊಯ್ದದ್ದು, ಇನ್ನೊಂದಕ್ಕೆ ಮೈತುಂಬ ಕೀಲುಗಳು.

ನವರಾತ್ರಿಯ ಮುನ್ನಾದಿನ ಎರಕದ ಗೊಂಬೆ ಹಂಗಿಸಿತು: "ಏನಯ್ಯಾ, ನಿನ್ನ ಮೈಯೆಲ್ಲ ಬಿರುಕು! ನನ್ನಲ್ಲಿ ಒಂದು ಗೆರೆಯಾದರೂ ಇದೆಯೇ? ನಾಳೆ ದೇವಿಯ ಮುಂದೆ ನಿಲ್ಲುವ ಭಾಗ್ಯ ನನ್ನದೇ."

ಕೀಲುಗೊಂಬೆಗೂ ಅದೇ ಆಸೆ. ಆದರೂ, "ತಾಯಿ ಯಾರನ್ನು ಕರೆಯುತ್ತಾಳೋ ಅವರು ಹೋಗಲಿ, ಬಿಡಣ್ಣ" ಎಂದಿತು.

ಬೆಳಗ್ಗೆ ಸುಗಂಧಮ್ಮ ಎರಕದ ಗೊಂಬೆಯನ್ನೇ ಮೊದಲು ಎತ್ತಿಕೊಂಡರು. ದೇವಿಯ ಮಂಟಪ ಗಿಡ್ಡ. ಗೊಂಬೆಯ ತಲೆ ಢಣ್ಣನೆ ಬಡಿಯಿತು. ಓರೆ ಮಾಡಿದರೂ ಬಡಿಯಿತು. ಅದನ್ನು ಕಪಾಟಿಗೆ ಮರಳಿಸಿ, ಕೀಲುಗೊಂಬೆಯ ಮಂಡಿ ಮಡಿಸಿ, ಕೈ ಜೋಡಿಸಿ, ದೇವಿಯ ಮುಂದೆ ಕೂರಿಸಿದರು.

"ಮಂಟಪ ಕಟ್ಟಿದವನಿಗೆ ಅಳತೆಯೇ ಗೊತ್ತಿಲ್ಲ!" ಎಂದು ಕಪಾಟಿನಿಂದ ಕೂಗು ಬಂತು.

ಕೀಲುಗೊಂಬೆ ಜೋಡಿಸಿದ ಕೈ ಬಿಡಿಸಲಿಲ್ಲ. "ತಾಯೀ, ನಮ್ಮಣ್ಣನಿಗೂ ಒಂದು ಜೊತೆ ಮಂಡಿ ಕೊಡಮ್ಮ" ಎಂದು ಬೇಡಿಕೊಂಡಿತು.