ಬಾಯಿಬಡುಕಿ ಚೈನಮ್ಮ

ಹಾಲು ಹಾಕೋ ಸೈಕಲ್ಲಿಗೆ ಆಗೋವಂಥ ಅಗಲದ ಚೈನಮ್ಮನ್ನ ತಂದು, ಸೈಕಲ್ ಶಾಪಿನ ಬುಡನ್ ಸಾಬ್ರು ಗೇರ್ ಸೈಕಲ್ಲಿಗೆ ಕಟ್ಟಿಬಿಟ್ರು ನೋಡಿ. ಆ ಮನೇಲಿ ಒಂಬತ್ತು ಜನ ಹಲ್ಲುಚಕ್ರದ ಓರಗಿತ್ತೀರು, ಒಬ್ಬರ ಸೆರಗು ಒಬ್ಬರಿಗೆ ತಾಗೋ ಹಂಗೆ ಒತ್ತೊತ್ತಾಗಿ ನಿಂತಿರೋರು. ಪಾಪ, ಚೈನಮ್ಮ ಒಬ್ಬಳ ಹಲ್ಲಿನ ಮೇಲೆ ಕೂತ್ರೆ ಪಕ್ಕದೋಳಿಗೆ ಮೈ ಉಜ್ಜಿ ಕರಕರ ಅನ್ನೋದು.

"ಏನೇ ನಿನ್ನ ಬಾಯಿ! ಸಂಸಾರ ಮಾಡೋಳು ಹಿಂಗಾ ಕಿರುಚೋದು?" ಅಂದ್ಲು ಚಿಕ್ಕ ಓರಗಿತ್ತಿ.

ಎಣ್ಣೆ ಡಬ್ಬಿ ಓಡಿ ಬಂದು, "ಒಣಗಿದಾಳೆ ಅಷ್ಟೆ ಕಣ್ರೇ," ಅಂತ ಮೈತುಂಬ ಸುರೀತು. ಸದ್ದು ನಿಲ್ಲಲಿಲ್ಲ. ಡಬ್ಬಿಗೂ ರೇಗಿತು. "ಇಷ್ಟು ಮಾಡಿದ್ರೂ ಬಾಯಿ ಮುಚ್ಚಲ್ಲ ಅಂದ್ರೆ ಇವಳು ಗುಜರಿಗೇ ಲಾಯಕ್ಕು!"

ಚೈನಮ್ಮನಿಗೂ ಹಂಗೇ ಅನ್ನಿಸ್ತು. ಉಸಿರು ಬಿಗಿಹಿಡಿದು ಸಣ್ಣಗಾಗೋಕೆ ನೋಡಿದ್ಲು. ಕಬ್ಬಿಣ ಸಣ್ಣಗಾಗತ್ತಾ?

ಕೊನೆಗೆ ಸಾಬ್ರು ಅವಳನ್ನ ಬಿಚ್ಚಿ ಗುಜರಿ ಬುಟ್ಟಿಗೆ ಹಾಕೋಕೆ ಹೊರಟ್ರು. ಬಾಗಿಲಲ್ಲಿ ಚೈನಿಲ್ಲದ ಹಾಲಿನ ಸೈಕಲ್ಲು ನಿಂತಿತ್ತು. ಇದಕ್ಕಾದ್ರೂ ಆಗತ್ತೇನೋ ಅಂತ ಅವಳನ್ನ ಅದರ ಒಂಟಿ ದಪ್ಪ ಹಲ್ಲುಚಕ್ರಕ್ಕೆ ಸುತ್ತಿ ಪೆಡಲು ತಿರುಗಿಸಿದ್ರು.

ಚಕ್ರ ಕರಕರ ಸದ್ದಿಗೆ ಕಾದೂ ಕಾದೂ ಕೇಳ್ತು: "ಭಾರಿ ಬಾಯಿಬಡುಕಿ ಅಂತಿದ್ರಲ್ಲವ್ವಾ, ಮಾತೇ ಇಲ್ಲ?"

"ಅಲ್ಲಿ ನಂಗೆ ಜಾಗ ಸಾಲ್ತಿರಲಿಲ್ಲ ಕಣಣ್ಣಾ," ಅಂದ್ಲು ಚೈನಮ್ಮ. "ಆ ಸದ್ದು ಬಾಯಿಂದಲ್ಲ, ಮೈಯಿಂದ ಬರ್ತಿತ್ತು."