ಕೊಟ್ರ ತನ್ನ ಮದ್ದು ತಾನೇ ನುಂಗಿದ್ದು

ಸಮಯ, ಬೆಳಗಿನ ಏಳು. ಹವೆ ಒಣ, ಮೋಡವಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ಹಾಜರಿದ್ದವರು: ದಮ್ಮಿನ ರೋಗಿ ಕೊಟ್ರ, ಅವನ ತಾಯಿ ಹಾಲವ್ವ, ನರ್ಸ್ ಗ್ಲಾಡಿಸ್ ಮತ್ತು ಡಾಕ್ಟರು.

ಡಾಕ್ಟರ ಷರತ್ತು ಸ್ಪಷ್ಟವಾಗಿತ್ತು. ತನ್ನ ಮದ್ದನ್ನು ತಾನೇ ತಪ್ಪಿಲ್ಲದೆ ತೆಗೆದುಕೊಂಡು ತೋರಿಸಿದರೆ ಕೊಟ್ರ ಮನೆಗೆ, ಇಲ್ಲವಾದರೆ ವಾರ್ಡಿನಲ್ಲೇ. ಹಾಲವ್ವನಿಗೆ ಊರಿಗೆ ಮರಳುವ ಅವಸರವಿತ್ತು. ಅವಳು ಮಂಡಕ್ಕಿ ಭಟ್ಟಿಯಲ್ಲಿ ಹುರಿಯುವವಳು. ಅಮಾವಾಸ್ಯೆಯೊಳಗೆ ಬಾರದಿದ್ದರೆ ಅವಳ ಒಲೆಗೆ ಬೇರೆಯವಳನ್ನು ಕೂರಿಸುವುದಾಗಿ ಭಟ್ಟಿಯವನು ಹೇಳಿ ಕಳಿಸಿದ್ದ. ಮಗನೋ, ಹೇಳಿದ್ದನ್ನು ಹೇಳಿದಷ್ಟೇ ಮಾಡುವ ಮಗ.

ಗ್ಲಾಡಿಸ್ ಇನ್‌ಹೇಲರ್ ಕೊಟ್ಟಳು. "ಬಾಯಿಗಿಟ್ಟು ಒತ್ತು, ಉಸಿರೆಳಿ."

ಕೊಟ್ರ ಬಾಯಿಗಿಟ್ಟ, ಒತ್ತಿದ, ಎಳೆದ. ಮುಚ್ಚಳ ಮುಚ್ಚಿಯೇ ಇತ್ತು.

"ಲೇ ಪೆದ್ದಾ! ಮುಚ್ಚಳ ಯಾರು ತೆಗೀಬೇಕೋ?"

"ನೀವು ಹೇಳಲಿಲ್ಲವಲ್ಲ ಸಿಸ್ಟರ್!"

"ಈಗ ಹೇಳ್ತೀನಿ. ಯಾವ ಮದ್ದಾದರೂ ಮೊದಲು ಮುಚ್ಚಳ ತೆಗಿ!"

ಮಧ್ಯಾಹ್ನ ಕ್ಯಾಪ್ಸೂಲ್ ಬಂತು. ಕೊಟ್ರ ಅದರ ಮುಚ್ಚಳ ತೆಗೆದ. ಪುಡಿಯೆಲ್ಲ ನೆಲಕ್ಕೆ ಚೆಲ್ಲಿತು. ಖಾಲಿ ಚಿಪ್ಪುಗಳನ್ನು ನುಂಗಿ, ಶಿಸ್ತಾಗಿ ನೀರು ಕುಡಿದ.

"ಅಯ್ಯೋ ನನ್ನ ಕರ್ಮವೇ!" ಎಂದಳು ಗ್ಲಾಡಿಸ್. "ಬಿಚ್ಚಬೇಡ ಕಣೋ! ಕೊಟ್ಟಿದ್ದನ್ನು ಕೊಟ್ಟ ಹಾಗೇ ನುಂಗು!"

ಸಂಜೆ ಮಾತ್ರೆ ಬಂತು, ಬೆಳ್ಳಿಹಾಳೆಯ ಹೊದಿಕೆಯ ಸಮೇತ. ಕೊಟ್ರ ಕೊಟ್ಟ ಹಾಗೇ ಬಾಯಿಗೆ ಹಾಕಿದ. ಗ್ಲಾಡಿಸ್ ದವಡೆ ಹಿಡಿದು, ಬೆರಳಿಟ್ಟು ಹೊರತೆಗೆದಳು.

"ಭಟ್ಟಿಯೊಳಗ ಬೆಳೆದೋನು ನೀನು!" ಎಂದು ಹಾಲವ್ವ ಹಣೆ ಚಚ್ಚಿಕೊಂಡಳು. "ಭತ್ತಾನ ಹೊಟ್ಟು ಬಿಡಿಸದೆ ತಿಂತೀಯೇನೋ?"

"ಇಲ್ಲವ್ವ. ಸಿಸ್ಟರ್ ಹೇಳಿದರೆ ತಿಂತೀನಿ."

"ಗಂಟಲು ಸೀಳಿಬಿಡುತ್ತಿತ್ತು!" ಗ್ಲಾಡಿಸ್ ಹೊದಿಕೆಯನ್ನು ಅವನ ಕಣ್ಣೆದುರು ಹಿಡಿದಳು. "ಹಾಳೆ ಸುಲಿ, ಮಾತ್ರೆ ನುಂಗು. ಇನ್ನು ಮೇಲೆ ನನಗೆ ತೋರಿಸದೆ ಏನನ್ನೂ ಬಾಯಿಗೆ ಹಾಕಬೇಡ!" ಹೀಗೆಂದು ಪಾಳಿ ಮುಗಿಸಿ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ, ಗ್ಲಾಡಿಸ್ ಪಾಳಿಗೆ ಬಂದ ಮೇಲೆ, ಡಾಕ್ಟರ ಎದುರು ಪರೀಕ್ಷೆ. ಹಾಲವ್ವ ಮಂಚದ ಪಕ್ಕ ನಿಂತಳು. ಕೊಟ್ರ ಇನ್‌ಹೇಲರಿನ ಮುಚ್ಚಳ ತೆಗೆದ, ತೋರಿಸಿದ, ಎಳೆದ. ಕ್ಯಾಪ್ಸೂಲ್ ಬಿಚ್ಚಲಿಲ್ಲ, ತೋರಿಸಿದ, ನುಂಗಿದ. ಮಾತ್ರೆಯ ಹಾಳೆ ಸುಲಿದ, ತೋರಿಸಿದ, ನುಂಗಿದ. ಒಂದೂ ತಪ್ಪಿಲ್ಲ! ಹಾಲವ್ವ ಗಂಟು ಕಟ್ಟಿದಳು. ಕೊಟ್ರ ಮಂಚದಿಂದಿಳಿದ, ಇಳಿದವನು ಅಲ್ಲೇ ದೊಪ್ಪನೆ ಕುಳಿತ.

"ದಮ್ಮು ಬಂತೇನೋ?" ಡಾಕ್ಟರು ಓಡಿ ಬಂದರು.

"ಹಸಿವು, ಡಾಕ್ಟರೇ."

"ನಿನ್ನೆ ರಾತ್ರಿ ಕೊಟ್ಟ ರೊಟ್ಟಿ ಏನು ಮಾಡಿದ್ಯೋ?" ಹಾಲವ್ವ ಕಿರುಚಿದಳು.

ಕೊಟ್ರ ದಿಂಬಿನಡಿಯಿಂದ ಸೆಟೆದ ರೊಟ್ಟಿ ಎಳೆದು, ಗ್ಲಾಡಿಸಳ ಮುಖದ ಮುಂದೆ ಹಿಡಿದ.

"ರಾತ್ರಿ ನೀವು ಇರಲಿಲ್ಲ ಸಿಸ್ಟರ್. ನೋಡಿ ಹೇಳ್ರಿ, ತಿನ್ನಲಾ?"

ಡಾಕ್ಟರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇಡೀ ವಾರ್ಡಿಗೆ ಕೇಳುವಂತೆ ತೀರ್ಪು ಹೇಳಿದರು:

"ಮದ್ದಿಗೆ ಇವನನ್ನು ನಂಬಬಹುದು. ಊಟಕ್ಕೆ ಕಾವಲು ಬೇಕು. ಕರೆದುಕೊಂಡು ಹೋಗಮ್ಮ."